ನಿಲುಗಡೆಯಲ್ಲಿರುವ ಫೈಬರ್ ದೋಣಿಗಳ ಸುರಕ್ಷತೆ ಮತ್ತು ನಿರ್ವಹಣೆ: ಒಂದು ವಿಶ್ಲೇಷಣೆ

ಪೀಠಿಕೆ

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿಯೂ ಒಳನಾಡಿನ ನದಿ, ಜಲಾಶಯಗಳಲ್ಲಿಯೂ ಮರದ ದೋಣಿಗಳ ಸ್ಥಾನವನ್ನು ಫೈಬರ್ ಗ್ಲಾಸ್ ದೋಣಿಗಳು ಬಹುಮಟ್ಟಿಗೆ ಪಡೆದುಕೊಂಡಿವೆ. ಇವು ಹಗುರವಾಗಿದ್ದು, ಮರದಂತೆ ಹುಳು ಹಿಡಿಯುವುದಿಲ್ಲ. ಆದರೆ ಇದರೊಂದಿಗೆ ಎರಡು ತಪ್ಪು ಭಾವನೆಗಳೂ ಬೆಳೆದು ಬಂದಿರುತ್ತವೆ. ಫೈಬರ್ ದೋಣಿಗೆ ನಿರ್ವಹಣೆಯ ಅಗತ್ಯವಿಲ್ಲ ಎಂಬುದು ಮೊದಲನೆಯದು. ಅಪಾಯವಿರುವುದು ಸಂಚಾರದಲ್ಲಿ ಮಾತ್ರ, ದಡ ಸೇರಿದ ದೋಣಿ ಸುರಕ್ಷಿತ ಎಂಬುದು ಎರಡನೆಯದು. ಇತ್ತೀಚಿನ ವರ್ಷಗಳ ಮೂರು ಘಟನೆಗಳ ಹಿನ್ನೆಲೆಯಲ್ಲಿ ಈ ಭಾವನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೂರು ಘಟನೆಗಳು

1. 2021ರ ಮೇ ತಿಂಗಳ ಮಧ್ಯಭಾಗದಲ್ಲಿ ತೌಕ್ತೆ ಚಂಡಮಾರುತವು ಅರಬ್ಬಿ ಸಮುದ್ರದಲ್ಲಿ ಉತ್ತರಾಭಿಮುಖವಾಗಿ ಸಾಗಿದಾಗ, ರಾಜ್ಯದ ಕರಾವಳಿಯಲ್ಲಿ ಮನೆಗಳೊಂದಿಗೆ ದೋಣಿಗಳೂ ಹಾನಿಗೊಳಗಾದವು. ಯಾಂತ್ರೀಕೃತ ಮೀನುಗಾರಿಕೆಗೆ ಇರುವ 61 ದಿನಗಳ ನಿಷೇಧವು ಜೂನ್ 1ರಿಂದ ಜುಲೈ 31ರವರೆಗೆ ಜಾರಿಯಲ್ಲಿರುತ್ತದೆ. ಚಂಡಮಾರುತವು ಅದಕ್ಕೂ ಮೊದಲೇ ಬಂದಿತ್ತು.

2. 2023ರ ನವೆಂಬರ್ 13ರಂದು ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ದೋಣಿಗಳಲ್ಲಿ ಬೆಂಕಿ ಕಾಣಿಸಿಕೊಂಡು, ಒಂದರಿಂದ ಮತ್ತೊಂದಕ್ಕೆ ಹರಡಿ, ಹಲವು ದೋಣಿಗಳು ಸುಟ್ಟುಹೋದವು.

3. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಯಿತು. ಒತ್ತಡ ತಗ್ಗಿಸಲು ಇತರ ಗೇಟುಗಳಿಂದಲೂ ಭಾರಿ ಪ್ರಮಾಣದ ನೀರನ್ನು ನದಿಗೆ ಬಿಡಬೇಕಾಯಿತು. ನದಿಪಾತ್ರದಲ್ಲಿ ಕಟ್ಟಿದ ದೋಣಿಯ ಮಾಲೀಕರಿಗೆ ಮಳೆಯಿಲ್ಲದ ದಿನವೂ ನೀರು ಏರಬಹುದೆಂಬ ಎಚ್ಚರಿಕೆ ಇದಾಗಿದೆ.

ಗಾಳಿ, ಬೆಂಕಿ ಮತ್ತು ನೀರಿನ ಏರಿಕೆ, ಈ ಮೂರೂ ಅಪಾಯಗಳು ನಿಂತ ದೋಣಿಯನ್ನೇ ಹುಡುಕಿಕೊಂಡು ಬರುವಂಥವು. ಆದ್ದರಿಂದ ನಿಲುಗಡೆಯನ್ನು ದೋಣಿಯ ವಿಶ್ರಾಂತಿಯ ಕಾಲವೆಂದು ತಿಳಿಯದೆ, ಎಚ್ಚರಿಕೆಯ ಕಾಲವೆಂದು ಪರಿಗಣಿಸುವುದು ಸೂಕ್ತ.

ಮರಕ್ಕೂ ಫೈಬರ್‌ಗೂ ಇರುವ ವ್ಯತ್ಯಾಸ

ಮರದ ದೋಣಿಯಲ್ಲಿ ನೀರು ತುಂಬಿದರೂ ಸಾಮಾನ್ಯವಾಗಿ ಮರವು ತೇಲುತ್ತದೆ. ಫೈಬರ್ ಗ್ಲಾಸ್ ನೀರಿಗಿಂತ ಭಾರವಾದ ವಸ್ತು. ಗಾಳಿಕೋಶ ಅಥವಾ ಫೋಮ್ ತುಂಬಿದ ಭಾಗಗಳಿಲ್ಲದಿದ್ದಲ್ಲಿ, ಇಂತಹ ದೋಣಿಯು ನೀರು ತುಂಬಿದಾಗ ಯಂತ್ರಸಮೇತ ಮುಳುಗುತ್ತದೆ. ಕರಾವಳಿಯಲ್ಲಿ ಮಳೆಗಾಲದ ಒಂದೇ ದಿನ 100 ಮಿಲಿಮೀಟರ್ ಮಳೆಯಾಗುವುದು ಅಪರೂಪವಲ್ಲ. ಅಂತಹ ದಿನ 10 ಚದರ ಮೀಟರ್ ತೆರೆದ ಭಾಗವುಳ್ಳ ದೋಣಿಯೊಳಗೆ 1,000 ಲೀಟರ್, ಅಂದರೆ ಒಂದು ಟನ್ ನೀರು ಸೇರುತ್ತದೆ. ಎರಡು ದಿನ ನೀರು ಹೊರಹಾಕದಿದ್ದಲ್ಲಿ ಆಗುವ ಪರಿಣಾಮವನ್ನು ಇದರಿಂದ ಊಹಿಸಬಹುದಾಗಿದೆ.

ಬೆಂಕಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಗಾಜಿನ ನಾರು ಸುಡದಿದ್ದರೂ ಅದನ್ನು ಹಿಡಿದಿಟ್ಟಿರುವ ರಾಳವು ಕಪ್ಪು ಹೊಗೆಯೊಂದಿಗೆ ವೇಗವಾಗಿ ಉರಿಯುತ್ತದೆ. ಒತ್ತೊತ್ತಾಗಿ ನಿಂತ ದೋಣಿಗಳಲ್ಲಿ ಇಂಧನ ಮತ್ತು ಬಲೆಗಳೂ ಇದ್ದಲ್ಲಿ ಬೆಂಕಿ ಹರಡಲು ಹೆಚ್ಚು ಸಮಯ ಬೇಕಾಗುವುದಿಲ್ಲ.

ನಿಲುಗಡೆಯಲ್ಲಿ ಪಾಲಿಸಬೇಕಾದ ಅಂಶಗಳು

ಅ) ಲಂಗರು ಹಾಕುವಾಗ ಉಬ್ಬರದ ಸಮಯದ ನೀರಿನ ಆಳವನ್ನು ಲೆಕ್ಕಕ್ಕೆ ತೆಗೆದುಕೊಂಡು, ಅದರ 5ರಿಂದ 7 ಪಟ್ಟು ಉದ್ದದ ಹಗ್ಗವನ್ನು ಬಿಡತಕ್ಕದ್ದು. 3 ಮೀಟರ್ ಆಳಕ್ಕೆ 15ರಿಂದ 21 ಮೀಟರ್ ಹಗ್ಗ ಬೇಕಾಗುತ್ತದೆ. ಗಾಳಿ ದಿಕ್ಕು ಬದಲಿಸಿದಾಗ ದೋಣಿ ಸುತ್ತು ತಿರುಗಲು ಸ್ಥಳವಿರಬೇಕು.

ಆ) ದಕ್ಕೆಗೆ ಕಟ್ಟುವಾಗ ಇಳಿತದಲ್ಲಿ ದೋಣಿ ತೂಗುಬೀಳದಂತೆ, ಉಬ್ಬರದಲ್ಲಿ ಹಗ್ಗ ಬಿಗಿಯದಂತೆ ಅವಕಾಶ ಬಿಡಬೇಕು. ಹಗ್ಗ ಉಜ್ಜುವ ಜಾಗಕ್ಕೆ ರಬ್ಬರ್ ಕೊಳವೆಯನ್ನೂ, ದೋಣಿಗಳ ನಡುವೆ ಹಳೆಯ ಟೈರುಗಳನ್ನೂ ಕಟ್ಟುವುದು.

ಇ) ನದಿ ಮತ್ತು ಜಲಾಶಯಗಳಲ್ಲಿ ದಡದ ಮರಕ್ಕೆ ಗಿಡ್ಡ ಹಗ್ಗದಿಂದ ಬಿಗಿಯಾಗಿ ಕಟ್ಟಬಾರದು. ನೀರು ಏರಿದಾಗ ದೋಣಿಯ ಮೂತಿ ಕೆಳಕ್ಕೆ ಎಳೆಯಲ್ಪಟ್ಟು ನೀರು ನುಗ್ಗುತ್ತದೆ. ನೀರಿನ ಮಟ್ಟ ಬದಲಾದಂತೆ ಕಟ್ಟುವ ಸ್ಥಳವನ್ನೂ ಬದಲಾಯಿಸಬೇಕು.

ಈ) ದೀರ್ಘಕಾಲ ಬಳಸದಿದ್ದಲ್ಲಿ ದೋಣಿಯನ್ನು ಉಬ್ಬರದ ಗೆರೆಗಿಂತ ಸಾಕಷ್ಟು ಮೇಲಕ್ಕೆ ಎಳೆದು, ಸಮಾನ ಅಂತರದ ದಿಮ್ಮಿಗಳ ಮೇಲೆ ಇರಿಸಿ, ಗಾಳಿಗೆ ಹಾರದಂತೆ ಕಟ್ಟಬೇಕು. ಯಂತ್ರ, ಇಂಧನ ಟ್ಯಾಂಕ್ ಮತ್ತು ಬ್ಯಾಟರಿಯನ್ನು ಕಳಚಿ ಬೇರೆಡೆ ಇಡುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ನಿಂತ ದೋಣಿಗಳ ಬಳಿ ಅಡುಗೆ ಮಾಡುವುದು, ಪಟಾಕಿ ಸಿಡಿಸುವುದು ಸಲ್ಲದು.

ನಿರ್ವಹಣೆ ಮತ್ತು ದುರಸ್ತಿ

ಫೈಬರ್ ದೋಣಿಯ ಹೊರಮೈಯ ನುಣುಪಾದ ಜೆಲ್‌ಕೋಟ್ ಪದರವೇ ಅದರ ರಕ್ಷಾಕವಚ. ಮರಳಿನ ಮೇಲೆ ಎಳೆದಾಗ ಈ ಪದರ ಸವೆದು ನೀರು ಒಳಗಿನ ಪದರಗಳಿಗೆ ಇಳಿಯುತ್ತದೆ. ಕ್ರಮೇಣ ಗುಳ್ಳೆಗಳು ಏಳುತ್ತವೆ. ಸಿಹಿನೀರಿನಲ್ಲಿ ಈ ತೊಂದರೆ ಉಪ್ಪುನೀರಿಗಿಂತ ಹೆಚ್ಚಾಗಿರುವುದರಿಂದ ಒಳನಾಡಿನ ದೋಣಿ ಮಾಲೀಕರೂ ಉದಾಸೀನ ಮಾಡುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ತಳವನ್ನು ಸಿಹಿನೀರಿನಿಂದ ತೊಳೆದು, ಅಂಟಿದ ಚಿಪ್ಪುಜೀವಿಗಳನ್ನು ಮರದ ಪಟ್ಟಿಯಿಂದ ಕೆರೆದು, ಬಿರುಕುಗಳಿಗಾಗಿ ಪರೀಕ್ಷಿಸಬೇಕು. ಬೆರಳಿನಿಂದ ತಟ್ಟಿದಾಗ ಮಂದವಾದ ಸದ್ದು ಬರುವ ಜಾಗದಲ್ಲಿ ಪದರಗಳು ಬಿಟ್ಟುಕೊಂಡಿರುವ ಸಾಧ್ಯತೆ ಇರುತ್ತದೆ.

ಬಿರುಕಿನ ಮೇಲೆ ಬರಿಯ ಬಣ್ಣ ಅಥವಾ ರಾಳ ಬಳಿಯುವುದು ದುರಸ್ತಿಯಲ್ಲ. ಆ ಭಾಗವನ್ನು ಸಂಪೂರ್ಣ ಒಣಗಿಸಿ, ಗಟ್ಟಿ ಪದರ ಸಿಗುವವರೆಗೆ ಉಜ್ಜಿ, ದಪ್ಪದ ಸುಮಾರು 12 ಪಟ್ಟು ಅಗಲದವರೆಗೆ ಇಳಿಜಾರು ಮಾಡಿ ಹೊಸ ಪದರಗಳನ್ನು ಹಾಕಬೇಕು. 5 ಮಿಲಿಮೀಟರ್ ದಪ್ಪಕ್ಕೆ ಪ್ರತಿ ಬದಿಯಲ್ಲಿ 60 ಮಿಲಿಮೀಟರ್ ಬೇಕಾಗುತ್ತದೆ. ಮಳೆಯ ತೇವದಲ್ಲಿ ಈ ಕೆಲಸ ನಿಲ್ಲುವುದಿಲ್ಲವಾದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಮುಗಿಸುವುದು ಒಳಿತು. ಗಟ್ಟಿಗೊಳಿಸುವ ದ್ರವವನ್ನು ಮತ್ತು ಕೋಬಾಲ್ಟ್ ವೇಗವರ್ಧಕವನ್ನು ಎಂದಿಗೂ ನೇರವಾಗಿ ಪರಸ್ಪರ ಬೆರೆಸಬಾರದು, ಸ್ಫೋಟದ ಅಪಾಯವಿದೆ. ಉಜ್ಜುವಾಗ ಮೂಗು, ಬಾಯಿ ಮತ್ತು ಕಣ್ಣುಗಳಿಗೆ ರಕ್ಷಣೆ ಅವಶ್ಯ.

ಪರಿಹಾರಧನ ಮತ್ತು ದಾಖಲೆಗಳು

ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2022-23ರಿಂದ 2025-26ರವರೆಗಿನ ಮಾರ್ಗಸೂಚಿಯಲ್ಲಿ ಭಾಗಶಃ ಹಾನಿಗೊಂಡ ದೋಣಿಯ ದುರಸ್ತಿಗೆ ರೂ. 6,000 ಹಾಗೂ ಪೂರ್ಣ ಹಾನಿಗೊಂಡ ದೋಣಿಗೆ ರೂ. 15,000 ನೆರವು ನಿಗದಿಯಾಗಿತ್ತು. ಯಂತ್ರಸಹಿತ ಹೊಸ ಫೈಬರ್ ದೋಣಿಗೆ ಲಕ್ಷಗಳ ಲೆಕ್ಕದಲ್ಲಿ ವೆಚ್ಚವಾಗುತ್ತದೆ. ಈ ನೆರವು ತಕ್ಷಣದ ಆಸರೆಯೇ ಹೊರತು ದೋಣಿಯ ಬೆಲೆಯಲ್ಲ ಎಂಬುದನ್ನು ಗಮನಿಸಬೇಕು. ಆದ್ದರಿಂದ ಮುಂಜಾಗ್ರತೆ ಮತ್ತು ವಿಮೆ, ಇವೆರಡೇ ಮಾಲೀಕರಿಗೆ ನಿಜವಾದ ರಕ್ಷಣೆ.

ನೆರವು, ಸಹಾಯಧನ ಅಥವಾ ವಿಮೆ ಕೋರುವವರು ಈ ಕೆಳಗಿನವುಗಳನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಸೂಕ್ತ:

1. ನೋಂದಣಿ ಪತ್ರ ಮತ್ತು ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ರ ಮೇರೆಗೆ ಪಡೆದ ಪರವಾನಗಿ. ಪ್ರವಾಸಿಗರನ್ನು ಒಯ್ಯುವ ಒಳನಾಡಿನ ಯಂತ್ರಚಾಲಿತ ದೋಣಿಗಳಿಗೆ ಒಳನಾಡು ಹಡಗುಗಳ ಅಧಿನಿಯಮ, 2021 ಅನ್ವಯಿಸುತ್ತದೆ.
2. ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ತೆಗೆದ ದೋಣಿಯ ಛಾಯಾಚಿತ್ರಗಳು.
3. ಖರೀದಿ ಮತ್ತು ದುರಸ್ತಿಯ ರಸೀದಿಗಳು.
4. ವಿಮಾ ಪತ್ರ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ.

ಈ ದಾಖಲೆಗಳನ್ನು ದೋಣಿಯಲ್ಲಿಯೇ ಇಡದೆ ಮನೆಯಲ್ಲಿ ಇಡತಕ್ಕದ್ದು. ಹಾನಿಯಾದ ಕೂಡಲೇ ಸಂಬಂಧಪಟ್ಟ ಕಚೇರಿಗೆ ತಿಳಿಸಿ, ದೋಣಿಯನ್ನು ಸ್ಥಳಾಂತರಿಸುವ ಮುನ್ನ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ದುರಸ್ತಿಯಾದ ನಂತರ ಹಾನಿಯನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಒಂದು ದೋಣಿಯನ್ನು ನಂಬಿ ಹಲವು ಕುಟುಂಬಗಳು ಜೀವಿಸುತ್ತಿರುತ್ತವೆ. ಅದನ್ನು ನೀರಿಗಿಳಿಸುವಾಗ ತೋರುವ ಶ್ರದ್ಧೆಯನ್ನು ಕಟ್ಟಿ ನಿಲ್ಲಿಸುವಾಗಲೂ ತೋರಬೇಕೆಂದು ಸಮಸ್ತ ದೋಣಿ ಮಾಲೀಕರಲ್ಲಿ ಕೋರಲಾಗಿದೆ. ಹೆಚ್ಚಿನ ವಿವರಗಳಿಗೆ ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.