ವೈಪರ್ ಹಾಕೋಕೂ ಮೆನು ತೆರೀಬೇಕಾ?

ಜರ್ಮನಿಯಲ್ಲಿ ಒಬ್ಬರು ಟೆಸ್ಲಾ ಕಾರಿನಲ್ಲಿ ಹೋಗ್ತಿದ್ದಾಗ ಜೋರು ಮಳೆ ಬಂತು. ವೈಪರ್ ವೇಗ ಬದಲಿಸೋದು ಟಚ್‌ಸ್ಕ್ರೀನ್ ಮೆನುವಿನೊಳಗೆ. ಅದನ್ನ ಹುಡುಕ್ತಾ ಹುಡುಕ್ತಾ ಕಾರು ರಸ್ತೆ ಬಿಟ್ಟು ಮರಗಳಿಗೆ ಗುದ್ದಿತು. 2020ರಲ್ಲಿ ಕಾರ್ಲ್ಸ್‌ರೂಹೆಯ ಮೇಲಿನ ಕೋರ್ಟು, ಕಾರಿನಲ್ಲೇ ಜೋಡಿಸಿಟ್ಟ ಸ್ಕ್ರೀನ್ ಕೂಡ ಮೊಬೈಲ್ ಇದ್ದ ಹಾಗೆಯೇ ಅಂತ ಹೇಳಿ, ಚಾಲಕರಿಗೆ 200 ಯೂರೋ ದಂಡ ಮತ್ತು ಒಂದು ತಿಂಗಳು ಗಾಡಿ ಓಡಿಸದ ಶಿಕ್ಷೆಯನ್ನ ಎತ್ತಿಹಿಡಿಯಿತು. ದಂಡ ಕಟ್ಟಿದ್ದು ಓಡಿಸಿದವರು. ಮೆನು ಬರೆದ ಇಂಜಿನಿಯರ್‌ಗೆ ಏನೂ ಆಗಲಿಲ್ಲ.

ಅದು ಕಾರು. ನಾನು ಬರೀಬೇಕು ಅಂದ್ಕೊಂಡಿದ್ದು ಎಲೆಕ್ಟ್ರಿಕ್ ಪಿಕಪ್ ಟ್ರಕ್‌ಗಳ ಬಗ್ಗೆ. ಅಮೆರಿಕದಲ್ಲಿ 2021ರಲ್ಲಿ ರಿವಿಯನ್ ಆರ್1ಟಿ, 2022ರಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್, 2023ರ ಕೊನೆಗೆ ಟೆಸ್ಲಾ ಸೈಬರ್‌ಟ್ರಕ್ ರಸ್ತೆಗೆ ಬಂದವು. ನಮ್ಮ ಹಾಸ್ಟೆಲ್‌ನಲ್ಲಿ ಇವುಗಳ ಮಾತು ಬಂದ್ರೆ ಸಾಕು, ಬ್ಯಾಟರಿ ಎಷ್ಟು, ಟಾರ್ಕ್ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ರಾತ್ರಿ ಒಂದು ಗಂಟೆವರೆಗೂ ಚರ್ಚೆ. ಒಳಗೆ ಕೂತವನ ಕೈ ಎಲ್ಲಿರುತ್ತೆ, ಕಣ್ಣು ಎಲ್ಲಿರುತ್ತೆ ಅಂತ ಯಾರೂ ಕೇಳಲ್ಲ. ನನ್ನ ಪ್ರಕಾರ ಈ ಗಾಡಿಗಳಲ್ಲಿ ಅತ್ಯಂತ ಕೆಟ್ಟ ಇಂಜಿನಿಯರಿಂಗ್ ಇರೋದೇ ಅಲ್ಲಿ.

ಮೊದಲು ತೂಕ ನೋಡಿ. ಜಿಎಂಸಿ ಹಮ್ಮರ್ ಇವಿ 4 ಟನ್ ದಾಟುತ್ತೆ, ಅದರ ಬ್ಯಾಟರಿಯೊಂದೇ ಸುಮಾರು 1,300 ಕೆಜಿ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೋಮೆಂಡಿ 2023ರ ಜನವರಿಯಲ್ಲಿ ಇದನ್ನೇ ಉದಾಹರಣೆ ಕೊಟ್ಟು, ಆ ಬ್ಯಾಟರಿಯ ತೂಕ ಒಂದು ಹೋಂಡಾ ಸಿವಿಕ್ ಕಾರಿನಷ್ಟಿದೆ ಅಂತ ಎಚ್ಚರಿಸಿದ್ದರು. ಇಷ್ಟು ತೂಕದ ಗಾಡಿ ಕಾಲಿಟ್ಟ ತಕ್ಷಣ ಸ್ಪೋರ್ಟ್ಸ್ ಕಾರಿನ ಹಾಗೆ ಚಿಮ್ಮುತ್ತೆ. ಗಂಟೆಗೆ 100 ಕಿಮೀ ವೇಗದಲ್ಲಿ ಚಾಲಕ ಎರಡು ಸೆಕೆಂಡ್ ಸ್ಕ್ರೀನ್ ನೋಡಿದ ಅಂದ್ರೆ, ಗಾಡಿ 55 ಮೀಟರ್ ಕುರುಡಾಗಿ ಓಡಿದೆ ಅಂತ ಲೆಕ್ಕ. ಆ ಎರಡು ಸೆಕೆಂಡ್ ನಾನು ಸುಮ್ಮನೆ ಆರಿಸಿದ್ದಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಒಂದು ಸಲ ಕಣ್ಣು ತೆಗೆದ್ರೆ ಎರಡು ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ಮೀರಬಾರದು. ಆದರೆ ಅದು ಬರೀ ಮಾರ್ಗಸೂಚಿ, ಕಡ್ಡಾಯ ಅಲ್ಲ.

ಈಗ ಕ್ಯಾಬಿನ್ ಒಳಗೆ ಬನ್ನಿ. ರಿವಿಯನ್‌ನಲ್ಲಿ ಎಸಿ ಗಾಳಿ ಮುಖಕ್ಕೆ ಬರಬೇಕೋ ಪಕ್ಕಕ್ಕೆ ಹೋಗಬೇಕೋ ಅನ್ನೋದನ್ನೂ 16 ಇಂಚಿನ ಸ್ಕ್ರೀನಿನಲ್ಲೇ ಹೇಳಬೇಕು. ನಮ್ಮ ಅಜ್ಜನ ಕಾಲದ ಅಂಬಾಸಿಡರ್‌ನಲ್ಲಿ ಬೆರಳಿಂದ ತಳ್ಳಿದ್ರೆ ಆಗ್ತಿದ್ದ ಕೆಲಸ! ಸೈಬರ್‌ಟ್ರಕ್‌ನಲ್ಲಿ ಚಾಲಕನ ಮುಂದೆ ಮೀಟರೇ ಇಲ್ಲ, ಸ್ಪೀಡ್ ನೋಡೋಕೂ ನಡುವಿನ 18.5 ಇಂಚಿನ ಪರದೆ ಕಡೆ ತಿರುಗಬೇಕು. ಗೇರ್ ಬದಲಿಸೋಕೆ ಅದೇ ಪರದೆ ಮೇಲೆ ಬೆರಳು ಎಳೀಬೇಕು. ಇಂಡಿಕೇಟರ್ ಕಡ್ಡಿ ಇಲ್ಲ, ಸ್ಟೀರಿಂಗ್ ಮೇಲೆ ಗುಂಡಿ ಇದೆ. ಸ್ಟೀರಿಂಗ್ ತಿರುಗಿದ್ರೆ ಗುಂಡಿಯೂ ಜೊತೆಗೇ ತಿರುಗುತ್ತೆ. ಸ್ಟೀರ್-ಬೈ-ವೈರ್ ಇರೋದ್ರಿಂದ ಅಷ್ಟೇನೂ ತಿರುಗಿಸಬೇಕಾಗಿಲ್ಲ ಅನ್ನೋದು ನಿಜ, ಆ ಮಟ್ಟಿಗೆ ಅದು ಒಳ್ಳೆ ಕೆಲಸವೇ. ಆದರೂ ಕಡ್ಡಿ ಕಿತ್ತು ಗಳಿಸಿದ್ದೇನು? ಟೆಸ್ಲಾದವರೇ 2025ರ ಹೊಸ ಮಾಡೆಲ್ ವೈ ಕಾರಿನಲ್ಲಿ ಇಂಡಿಕೇಟರ್ ಕಡ್ಡಿಯನ್ನ ಕಿತ್ತುಹಾಕದೆ ಉಳಿಸಿಕೊಂಡರು.

2024ರ ಶುರುವಿನಲ್ಲಿ ಟೆಸ್ಲಾ ಸುಮಾರು 22 ಲಕ್ಷ ಗಾಡಿಗಳನ್ನ ರಿಕಾಲ್ ಮಾಡಬೇಕಾಯ್ತು, ಸೈಬರ್‌ಟ್ರಕ್ ಕೂಡ ಅದರಲ್ಲಿತ್ತು. ಕಾರಣ ಏನು ಗೊತ್ತಾ? ಬ್ರೇಕು, ಪಾರ್ಕು, ಎಬಿಎಸ್ ಎಚ್ಚರಿಕೆ ದೀಪಗಳ ಅಕ್ಷರ ನಿಯಮಕ್ಕಿಂತ ಚಿಕ್ಕದಿತ್ತು. ಅಷ್ಟು ದೊಡ್ಡ ಪರದೆ ಇಟ್ಟು ಮೂರು ಮಿಲಿಮೀಟರ್ ಚಿಲ್ಲರೆಯ ಅಕ್ಷರಕ್ಕೆ ಜಾಗ ಸಾಲಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ 3,878 ಸೈಬರ್‌ಟ್ರಕ್‌ಗಳು ಇನ್ನೊಂದು ರಿಕಾಲ್‌ಗೆ ಹೋದವು. ಆಕ್ಸಿಲರೇಟರ್ ಪೆಡಲ್ ಮೇಲಿನ ಪ್ಯಾಡ್ ಜಾರಿ ಮೇಲಿನ ಟ್ರಿಮ್‌ಗೆ ಸಿಕ್ಕಿಕೊಳ್ಳಬಹುದಿತ್ತು. ಜೋಡಿಸೋದು ಸುಲಭ ಆಗಲಿ ಅಂತ ಯಾರೋ ಅನುಮತಿ ಇಲ್ಲದೆ ಸೋಪು ಸವರಿದ್ದೇ ಇದಕ್ಕೆ ಮೂಲ. ಪ್ರೊಡಕ್ಷನ್ ಮ್ಯಾನೇಜ್‌ಮೆಂಟ್ ಕ್ಲಾಸಲ್ಲಿ ನಿದ್ದೆ ಹೊಡೆಯೋರು ಇದೊಂದನ್ನ ನೆನಪಿಟ್ಕೊಂಡ್ರೆ ಸಾಕು.

ಸ್ಕ್ರೀನ್ ಯಾಕೆ ಇಡ್ತಾರೆ ಅನ್ನೋದು ನಮಗೆ ಅರ್ಥ ಆಗದ್ದೇನಲ್ಲ. ನಲವತ್ತು ಸ್ವಿಚ್ಚು, ಅವಕ್ಕೆ ನಲವತ್ತು ಅಚ್ಚು, ವೈರಿಂಗು, ಟೆಸ್ಟಿಂಗು ಎಲ್ಲ ಉಳಿಯುತ್ತೆ. ತಪ್ಪಾದ್ರೆ ರಾತ್ರೋರಾತ್ರಿ ಅಪ್‌ಡೇಟ್ ಕಳಿಸಬಹುದು, ಆ ಅಕ್ಷರದ ರಿಕಾಲ್ ಕೂಡ ಹಾಗೇ ಮುಗಿಯಿತು. ಆದರೆ ಕಂಪನಿ ಉಳಿಸಿದ ದುಡ್ಡನ್ನ ಚಾಲಕ ಕಣ್ಣಿನ ಸಮಯದಲ್ಲಿ ಕಟ್ತಾನೆ. ಸ್ವೀಡನ್ನಿನ ವಿ ಬಿಲೆಗಾರೆ ಪತ್ರಿಕೆಯವರು 2022ರಲ್ಲಿ ಇದನ್ನ ಅಳೆದು ನೋಡಿದರು. ಗಂಟೆಗೆ 110 ಕಿಮೀ ವೇಗದಲ್ಲಿ ನಾಲ್ಕು ಮಾಮೂಲಿ ಕೆಲಸ, ರೇಡಿಯೋ ಟ್ಯೂನ್ ಮಾಡೋದು, ಬಿಸಿ ಹೆಚ್ಚಿಸೋದು ಇಂಥವು. 2005ರ ಹಳೇ ವೋಲ್ವೋದಲ್ಲಿ ಹತ್ತು ಸೆಕೆಂಡ್, 306 ಮೀಟರ್. ಹೊಸ ಎಂಜಿ ಮಾರ್ವೆಲ್ ಆರ್ ಕಾರಿನಲ್ಲಿ ಸುಮಾರು 45 ಸೆಕೆಂಡ್, 1,372 ಮೀಟರ್. ಅದೂ ಚಾಲಕರಿಗೆ ಮೊದಲೇ ಗಾಡಿ ಪರಿಚಯ ಮಾಡಿಕೊಳ್ಳೋಕೆ ಟೈಮ್ ಕೊಟ್ಟಮೇಲೆ!

ತಮಾಷೆ ಅಂದ್ರೆ ಫೋರ್ಡ್ ಲೈಟ್ನಿಂಗ್‌ದು. ದುಬಾರಿ ಮಾಡೆಲ್‌ಗಳಲ್ಲಿ 15.5 ಇಂಚಿನ ಉದ್ದನೆ ಪರದೆ, ಅದಕ್ಕೆ ಅಂಟಿಸಿದ ಒಂದೇ ಒಂದು ದೊಡ್ಡ ತಿರುಗುಗುಂಡಿ. ಕಂಟ್ರಾಕ್ಟರ್‌ಗಳಿಗೆ ಅಂತ ಮಾಡಿದ ಅಗ್ಗದ 'ಪ್ರೊ' ಮಾಡೆಲ್‌ನಲ್ಲಿ 12 ಇಂಚಿನ ಪರದೆ, ಕೆಳಗೆ ನಿಜವಾದ ಗುಂಡಿಗಳು. ಗ್ಲೌಸ್ ಹಾಕಿದ ಕೈಗೆ ಗುಂಡಿಯೇ ಬೇಕು ಅಂತ ಅವರಿಗೆ ಗೊತ್ತಿತ್ತು. ನನಗೆ ಯಾರಾದ್ರೂ ಪುಕ್ಕಟೆ ಕೊಟ್ರೆ ಅಗ್ಗದ್ದನ್ನೇ ತಗೋತೀನಿ.

ಬಾಗಿಲಿನ ವಿಷಯಕ್ಕೆ ಬಂದ್ರೆ ನಗು ನಿಂತುಹೋಗುತ್ತೆ. ಸೈಬರ್‌ಟ್ರಕ್ ಬಾಗಿಲು ತೆಗೆಯೋದು ಕರೆಂಟಿನ ಗುಂಡಿಯಿಂದ, ಹೊರಗೆ ಹಿಡಿಕೆಯೇ ಇಲ್ಲ. ಕರೆಂಟ್ ಹೋದ್ರೆ ಹಿಂದಿನ ಸೀಟಿನವರು ಬಾಗಿಲ ಜೇಬಿನ ತಳದಲ್ಲಿರೋ ರಬ್ಬರ್ ಹಾಸು ಎತ್ತಿ, ಅದರಡಿಯ ಕೇಬಲ್ ಎಳೀಬೇಕು. ಹೊಗೆ ತುಂಬಿದಾಗ, ಕತ್ತಲಲ್ಲಿ, ಮ್ಯಾನುಯಲ್ ಓದದವರು. 2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪೀಡ್‌ಮಾಂಟ್‌ನಲ್ಲಿ ಸೈಬರ್‌ಟ್ರಕ್ ಒಂದು ಗುದ್ದಿ ಬೆಂಕಿ ಹತ್ತಿಕೊಂಡು ಮೂವರು ಸತ್ತರು. ಮೂವರೂ ಕಾಲೇಜು ವಿದ್ಯಾರ್ಥಿಗಳು, ನಮ್ಮದೇ ವಯಸ್ಸು. ಹಿಂದಿನಿಂದ ಬರ್ತಿದ್ದ ಗೆಳೆಯನೊಬ್ಬ ಗಾಜು ಒಡೆದು ನಾಲ್ಕನೆಯವನನ್ನ ಎಳೆದುಕೊಂಡ. ಚಾಲಕ ಕುಡಿದಿದ್ದ ಅನ್ನೋದೂ ಬಯಲಾಯ್ತು, ಅದನ್ನ ಮುಚ್ಚಿಡೋದು ಬೇಡ. ಆದರೆ ಬಾಗಿಲು ತೆರೆದಿದ್ರೆ ಮಕ್ಕಳು ಉಳೀತಿದ್ರು ಅಂತ ಕುಟುಂಬದವರು ಕೋರ್ಟಿಗೆ ಹೋಗಿದ್ದಾರೆ. ಕೋರ್ಟು ಏನೇ ಹೇಳಲಿ, ತುರ್ತು ಹಿಡಿಕೆ ಹುಡುಕಿ ತೆಗೆಯೋ ವಸ್ತು ಆಗಬಾರದು. ದಿನಾ ಎಳೆಯೋ ಹಿಡಿಕೆಯನ್ನೇ ಇನ್ನೂ ಜೋರಾಗಿ ಎಳೆದ್ರೆ ಬಾಗಿಲು ತೆರೀಬೇಕು. ಇದಕ್ಕೆ ಪಿಎಚ್‌ಡಿ ಬೇಕಿಲ್ಲ.

ಇನ್ನೊಂದು ಸಂಗತಿ, ಮುಂದಿನ ನೋಟ. ಇಂಜಿನ್ನೇ ಇಲ್ಲದ ಗಾಡಿಗೆ ಎದೆಮಟ್ಟದ ಬಾನೆಟ್ ಯಾಕೆ? ಲೈಟ್ನಿಂಗ್‌ನಲ್ಲಿ ಆ ಜಾಗ 400 ಲೀಟರ್ ಡಿಕ್ಕಿ ಆಯ್ತು, ಎತ್ತರ ಮಾತ್ರ ಪೆಟ್ರೋಲ್ ಟ್ರಕ್ಕಿನಷ್ಟೇ ಉಳೀತು. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 2023ರಲ್ಲಿ ಹೇಳಿದ್ದು: ಬಾನೆಟ್ 40 ಇಂಚು ದಾಟಿದ ಗಾಡಿ ಪಾದಚಾರಿಗೆ ಗುದ್ದಿದ್ರೆ, ತಗ್ಗಾದ ಇಳಿಜಾರು ಮೂತಿಯ ಗಾಡಿಗಿಂತ ಸಾವಿನ ಸಾಧ್ಯತೆ ಸುಮಾರು 45% ಹೆಚ್ಚು.

ಇಲ್ಲಿ ನಮ್ಮ ಟಾಟಾ ಏಸ್ ಇವಿ ನೆನಪಾಗುತ್ತೆ. ಅದರ ಮೂತಿ ಚಿಕ್ಕದು, ಚಾಲಕನಿಗೆ ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತೆ. ಗುದ್ದಿದ್ರೆ ಮಾತ್ರ ಅವನ ಮೊಣಕಾಲಿಗೂ ಎದುರಿನ ಗಾಡಿಗೂ ನಡುವೆ ಹೆಚ್ಚೇನೂ ಇರಲ್ಲ. ನಮ್ಮ ಗೇಟಿನ ಹತ್ತಿರ ಸಾಮಾನು ಇಳಿಸೋಕೆ ಬರೋ ಅಣ್ಣನ ಗಾಡಿ ನೋಡಿ. ಕಂಪನಿ ಸ್ಕ್ರೀನ್ ಕೊಡದಿದ್ರೂ ಅವರೇ ಎರಡು ಮೊಬೈಲ್ ಸಿಕ್ಕಿಸಿದ್ದಾರೆ, ಒಂದು ಮ್ಯಾಪಿಗೆ, ಒಂದು ಆರ್ಡರಿಗೆ. ಆರ್ಡರ್ ಬೀಪ್ ಆದಾಗ ಕೆಲವೇ ಸೆಕೆಂಡಲ್ಲಿ ಒತ್ತದಿದ್ರೆ ಬಾಡಿಗೆ ಬೇರೆಯವರಿಗೆ ಹೋಗುತ್ತಂತೆ. ಆ ಆ್ಯಪ್ ಬರೆದವರೂ ನಮ್ಮ ಸೀನಿಯರ್‌ಗಳಂಥವರೇ. ಗಾಡಿ ಚಲಿಸ್ತಿದ್ರೆ ಬೀಪ್ ತಡೆದಿಡೋದು ಅಷ್ಟೇನೂ ಕಷ್ಟದ ಕೋಡ್ ಅಲ್ಲ.

ಸೆಕೆಯದ್ದು ಇನ್ನೊಂದು ಕಥೆ. ಟ್ರಕ್ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅಂತ 2025ರ ಅಕ್ಟೋಬರ್‌ಗೆ ಗಡುವು ಇಟ್ಟ ನಿಯಮ ಇರೋದು 3.5 ಟನ್ ಮೀರಿದ ಎನ್2, ಎನ್3 ವರ್ಗಕ್ಕೆ. ಈ ಸಣ್ಣ ಗಾಡಿಗಳು ಎನ್1, ಅವಕ್ಕೆ ಅನ್ವಯ ಇಲ್ಲ. ಇದ್ದರೂ, ಎಸಿ ಹಾಕಿದ್ರೆ ರೇಂಜ್ ಇಳಿಯುತ್ತೆ ಅಂತ ಚಾಲಕ ಆರಿಸ್ತಾನೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹತ್ತು ಗಂಟೆ ಬೆವರಿದವನ ರಿಯಾಕ್ಷನ್ ಟೈಮ್ ಯಾವ ಬ್ರೋಷರ್‌ನಲ್ಲಿ ಬರುತ್ತೆ?

ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್, ವೈಪರ್, ಹಾರ್ನ್, ತುರ್ತು ಕರೆ ಈ ಐದಕ್ಕೆ ನಿಜವಾದ ಗುಂಡಿ ಇಲ್ಲದಿದ್ರೆ ಅಂಕ ಕತ್ತರಿಸುತ್ತೆ. ನಮ್ಮ ಭಾರತ್ ಎನ್‌ಕ್ಯಾಪ್ ಇದನ್ನ ಎತ್ಕೊಂಡು ಸರಕು ಗಾಡಿಗಳಿಗೂ ತರಬೇಕು. ಬೆಂಗಳೂರಿನಲ್ಲಿ ಬಾಷ್, ಮರ್ಸಿಡಿಸ್ ಥರದ ಕಡೆ ವಾಹನದ ಸಾಫ್ಟ್‌ವೇರ್ ಬರೆಯೋಕೆ ನಮ್ಮಲ್ಲೇ ಹಲವರು ಹೋಗ್ತೀರಿ. ಅದಕ್ಕೂ ಮುಂಚೆ ಈ ಸೆಮಿಸ್ಟರ್‌ನಲ್ಲೇ ಕ್ಯಾಂಪಸ್‌ನ ಇವಿ ಪ್ರಾಜೆಕ್ಟ್ ತಂಡದವರು ಡ್ಯಾಶ್‌ಬೋರ್ಡ್‌ಗೆ ಟ್ಯಾಬ್ ಅಂಟಿಸೋ ಪ್ಲಾನ್‌ನಲ್ಲಿದ್ದೀರಿ ಅಂತ ಕೇಳಿದೆ. ಒಂದು ಶನಿವಾರ ಗ್ರೌಂಡಿಗೆ ತನ್ನಿ. ಗಾಡಿ ನಿಲ್ಲಿಸೇ ಇರಲಿ, ಗ್ಲೌಸ್ ಹಾಕಿಸಿ, ಕಣ್ಣು ಎದುರಿಗೇ ಇಟ್ಕೊಂಡು ಹೆಡ್‌ಲೈಟ್ ಆರಿಸೋಕೆ ಹೇಳಿ. ಸ್ಟಾಪ್‌ವಾಚ್ ನಾನು ಹಿಡೀತೀನಿ.