ಹೂದಾನಿಗೆ ಹುಲ್ಲು, ಬಳ್ಳಿ

ಹೂಗಳನ್ನು ಒತ್ತೊತ್ತಾಗಿ ತುರುಕಿದ ಹೂದಾನಿ ಸಂತೆಯ ಹೂಕಟ್ಟಿನಂತೆ ತೋರುವುದೇ ಹೊರತು ತೋಟದ ನೆನಪು ತಾರದು. ಸೇವಂತಿಗೆ ಮೂರೇ ಸಾಕು. ತೆನೆಯೊಡೆದ ನಾಲ್ಕಾರು ಹುಲ್ಲುಕಡ್ಡಿಗಳು ಅವುಗಳಿಗಿಂತ ಎತ್ತರವಾಗಿರಲಿ. ಶಂಖಪುಷ್ಪದ ಬಳ್ಳಿಯನ್ನು ನೆಟ್ಟಗೆ ನಿಲ್ಲಿಸಲು ಹೆಣಗದೆ, ಅದು ಬಾಗಿದ ಕಡೆಗೇ ಇಳಿಬಿಡಿರಿ. ಎಲೆ ಕಳಚಿದ ಗಟ್ಟಿ ಬಳ್ಳಿಯೊಂದನ್ನು ಸುರುಳಿ ಸುತ್ತಿ ಪಾತ್ರೆಯೊಳಗಿರಿಸಿದರೆ ದಂಟುಗಳು ಅದರಲ್ಲಿಯೇ ನಿಲ್ಲುತ್ತವೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆಯದಿದ್ದರೆ ಕೊಳೆತು ನಾರುವುದು.

ಬೇಲಿಯ ಮೇಲೆ ಜ್ವಾಲೆಯಂತೆ ಅರಳುವ ಗೌರಿಹೂವು, ಅಂದರೆ ಅಗ್ನಿಶಿಖೆ, ಮನಸೆಳೆಯುವುದು ನಿಜ. ಆದರೆ ಗೆಡ್ಡೆಯಿಂದ ಹೂವಿನವರೆಗೆ ಅದರಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಗುಲಗಂಜಿಯ ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮಕ್ಕಳಿರುವ ಮನೆಯೊಳಗೆ ಇವೆರಡೂ ಬೇಡ. ಕಾಂಗ್ರೆಸ್ ಹುಲ್ಲಂತೂ ಹೆಸರಿಗಷ್ಟೇ ಹುಲ್ಲು. ಅದರ ಬಿಳಿ ಹೂವಿನ ಅಂದಕ್ಕೆ ಮರುಳಾಗಿ ತಂದರೆ ಕೆಲವರಿಗೆ ಚರ್ಮದ ತುರಿಕೆ, ಕೆಲವರಿಗೆ ಉಬ್ಬಸ.