ಮೋಟರ್ ಬಿಚ್ಚೋ ಮೊದಲು

ಪೂರ್ತಿ ಕೆಟ್ಟು ಕೂತ ಮೋಟರ್ ಬಗ್ಗೆ ನನ್ನದೇನೂ ತಕರಾರಿಲ್ಲ. ಬಿಚ್ಚಿದರೆ ಸುಟ್ಟ ವಾಸನೆ ಬರುತ್ತೆ, ಕಾರಣ ಸಿಗುತ್ತೆ. ತಲೆ ತಿನ್ನೋದು ಇನ್ನೊಂದು ಜಾತಿಯದು. ಬೆಳಿಗ್ಗೆ ಓಡುತ್ತೆ, ರಾತ್ರಿ ಬರೀ ಗುಂಯ್ ಅನ್ನುತ್ತೆ, ಮೆಕ್ಯಾನಿಕ್ ಬಂದ ದಿನ ಒಳ್ಳೆ ಹುಡುಗನ ಹಾಗೆ ನೀರೆತ್ತುತ್ತೆ. ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ಇದು ಪರಿಚಯದ ಕಾಯಿಲೆ. ನಮ್ಮ ಮಷೀನಲ್ಲಿ ಕಾಣಲ್ಲ, ಗ್ರಾಹಕರ ಹತ್ತಿರ ಮಾತ್ರ ಕಾಣುತ್ತೆ :)

ಕೆ.ಆರ್. ನಗರ ಸೀಮೆ ಅಂದ್ರೆ ಭತ್ತದ ಕಣಜ, ಕಾವೇರಿ ನಾಲೆ ಇದೆಯಲ್ಲ, ಪಂಪ್‌ಸೆಟ್ ಯಾಕೆ ಅಂತ ಕೇಳಬಹುದು. ನಾಲೆ ನೀರು ವರ್ಷಪೂರ್ತಿ ಬರಲ್ಲ, ಎತ್ತರದ ಹೊಲಕ್ಕೆ ಹತ್ತೋದೂ ಇಲ್ಲ. ಚುಂಚನಕಟ್ಟೆ ಹತ್ತಿರದ ನಮ್ಮ ದೊಡ್ಡಪ್ಪನ ಬಾವಿಯಲ್ಲಿ ಏಳೂವರೆ ಎಚ್‌ಪಿ ಮೋಟರ್ ಇದೆ. ಒಂದೇ ಬೇಸಿಗೆಯಲ್ಲಿ ಅದು ಎರಡು ಸಲ ರಿವೈಂಡಿಂಗ್‌ಗೆ ಹೋಯ್ತು. ಮೆಕ್ಯಾನಿಕ್ ಮಾತು ಎರಡು ಸಲವೂ ಒಂದೇ: "ಕಾಯಿಲ್ ಹೋಗದೆ ಕಣಣ್ಣ, ಬಿಚ್ಚುದ್ರೆ ಗೊತ್ತಾಯ್ತದೆ." ಬಿಚ್ಚಿದ, ಸುತ್ತಿದ, ದುಡ್ಡು ತಗೊಂಡ. ವಾರ ಕಳೆದ ಮೇಲೆ ಮತ್ತೆ ಗುಂಯ್. ಅಷ್ಟರಲ್ಲಿ ಹೊಸದಾಗಿ ನೆಟ್ಟ ಕಬ್ಬು ಅರ್ಧ ಒಣಗಿತ್ತು.

ಮೂರನೇ ಸಲ ಬೇರೆ ಹುಡುಗನೊಬ್ಬ ಬಂದ. ಅವನು ಮೋಟರ್ ಮುಟ್ಟಲೇ ಇಲ್ಲ. ಸ್ವಿಚ್ ಹಾಕಿಸಿ, ಅದು ಓಡ್ತಾ ಇರುವಾಗಲೇ ಮೂರೂ ಫೇಸಿನ ವೋಲ್ಟೇಜ್ ಅಳೆದ. ಒಂದರಲ್ಲಿ ಕಡಿಮೆ ಬಂತು. ಅಲ್ಲಿಂದ ಹಿಂದಕ್ಕೆ ವೈರ್ ಹಿಡಿದು ಹೋದ. ಸ್ಟಾರ್ಟರ್‌ಗೆ ಬರೋ ಅಲ್ಯೂಮಿನಿಯಂ ವೈರನ್ನು ತಾಮ್ರದ ವೈರಿಗೆ ಬರೀ ತಿರುಚಿ ಟೇಪ್ ಸುತ್ತಿದ್ದರು. ಒಳಗೆ ಕಪ್ಪಗೆ ಕರಕಲು.

ನಿಂತಿರುವಾಗ ಅಳೆದರೆ ಇದು ಯಾಕೆ ಸಿಗಲ್ಲ ಅಂದ್ರೆ, ಕರೆಂಟ್ ಹರಿಯದಿದ್ದರೆ ಸಡಿಲ ಜಾಯಿಂಟಿನಲ್ಲಿ ವೋಲ್ಟೇಜ್ ಬೀಳೋದೇ ಇಲ್ಲ. ಮೀಟರ್ ಪೂರ್ತಿ 415 ತೋರಿಸುತ್ತೆ. ಏಳೂವರೆ ಎಚ್‌ಪಿ ಮೋಟರ್ ಓಡುವಾಗ ಸುಮಾರು 11 ಆಂಪ್ ಎಳೆದರೆ, ಶುರುವಾಗುವಾಗ ಅದರ ಆರು ಪಟ್ಟು ಎಳೆಯುತ್ತೆ. ಜಾಯಿಂಟಿನಲ್ಲಿ ಅರ್ಧ ಓಮ್ ಇದೆ ಅಂದ್ಕೊಳ್ಳಿ. ಓಡುವಾಗ ಐದಾರು ವೋಲ್ಟ್ ಹೋಗುತ್ತೆ, ಸ್ಟಾರ್ಟ್ ಆಗುವಾಗ ಮೂವತ್ತರ ಮೇಲೆ. ಕಾದು ಕಾದು ಜಾಯಿಂಟ್ ಬಿಟ್ಟುಕೊಂಡರೆ ಉಳಿಯೋದು ಎರಡೇ ಫೇಸ್. ಆಮೇಲೆ ಗುಂಯ್, ಆಮೇಲೆ ಹೊಗೆ.

ಇದರ ಮೇಲೆ ರಾತ್ರಿ ಕರೆಂಟಿನ ಕಥೆ ಬೇರೆ. ತ್ರೀ ಫೇಸ್ ಬಂದ ಕ್ಷಣ ಒಂದೇ ಟೀಸಿ ಕೆಳಗಿನ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ, ವೋಲ್ಟೇಜ್ ಕುಸಿಯುತ್ತೆ. 415 ಇರಬೇಕಾದ ಕಡೆ 350 ಬಂದರೆ ಮೋಟರಿನ ತಿರುಗಿಸೋ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿದು ನೂರಕ್ಕೆ 71ಕ್ಕೆ ಬರುತ್ತೆ. ಮೆಕ್ಯಾನಿಕ್ ಬರೋದು ಹಗಲು ಹೊತ್ತು, ಪಕ್ಕದವರ ಮೋಟರ್‌ಗಳೆಲ್ಲ ನಿಂತಿರುವಾಗ.

ಇದು ಹಳ್ಳಿಯ ಸಮಸ್ಯೆ ಅಂತ ಮೂಗು ಮುರಿಯಬೇಡಿ. ಸಾಹುಕಾರರ ಮೋಟರ್ ಯಾಟ್‌ಗಳಲ್ಲಿ ಬೌ ಥ್ರಸ್ಟರ್ ಅಂತ ಇರುತ್ತೆ. ದಡಕ್ಕೆ ಕಟ್ಟುವಾಗ ದೋಣಿಯ ಮೂತಿಯನ್ನು ಪಕ್ಕಕ್ಕೆ ತಳ್ಳೋ ಸಣ್ಣ ಪ್ರೊಪೆಲ್ಲರ್. ಬ್ಯಾಟರಿಯಿಂದ ಓಡೋದು, ಬರೀ 12 ವೋಲ್ಟ್, ದೊಡ್ಡದಾದರೆ 400 ಆಂಪ್ ಆದರೂ ಎಳೆಯುತ್ತೆ. ಅಲ್ಲಿ ಓಮಿನ ಇನ್ನೂರನೇ ಒಂದು ಭಾಗದಷ್ಟು ತುಕ್ಕು ಸಾಕು, 2 ವೋಲ್ಟ್ ಮಾಯ. ಇರೋದರಲ್ಲಿ ಆರನೇ ಒಂದು ಪಾಲು! ನಿಂತಾಗ ಬ್ಯಾಟರಿ 12.6 ತೋರಿಸ್ತಾ ಇರುತ್ತೆ, ಗಾಳಿ ಬೀಸಿ ದೋಣಿ ಕಟ್ಟೆಗೆ ಬಡಿಯೋ ಹೊತ್ತಿಗೆ ಥ್ರಸ್ಟರ್ ಸುಮ್ಮನಾಗುತ್ತೆ. ಅದರಲ್ಲೂ ಮೋಟರ್ ಬದಲಿಸೋ ಮೊದಲು ನೋಡಬೇಕಾದ್ದು ಬ್ಯಾಟರಿ, ಕೇಬಲ್ ತುದಿ, ಸೊಲೆನಾಯ್ಡ್, ಕಾರ್ಬನ್ ಬ್ರಷ್. ಓಡುವಾಗ ಬ್ಯಾಟರಿ ಹತ್ತಿರ ಎಷ್ಟು, ಮೋಟರ್ ಹತ್ತಿರ ಎಷ್ಟು ಅಂತ ಅಳೆದರೆ ದಾರಿಯಲ್ಲಿ ಕಳೆದದ್ದೆಷ್ಟು ಗೊತ್ತಾಗುತ್ತೆ.

ಜನವರಿಯಲ್ಲಿ ಚುಂಚನಕಟ್ಟೆ ದನಗಳ ಜಾತ್ರೆಗೆ ಹೋಗಿ ನೋಡಿ. ನಿಂತ ಎತ್ತಿಗೆ ಯಾರೂ ದುಡ್ಡು ಎಣಿಸಲ್ಲ. ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ಆಮೇಲೆ ನಡೆಸಿ ನೋಡ್ತಾರೆ. ಅದೇ ಜನ ಮೋಟರ್ ವಿಷಯಕ್ಕೆ ಬಂದರೆ ನಡೆಸಿ ನೋಡದೆ ಬಿಚ್ಚೋಕೆ ಒಪ್ಪಿಬಿಡ್ತಾರೆ.

ನನ್ನ ಪ್ರಕಾರ ತಪ್ಪು ಮೆಕ್ಯಾನಿಕ್‌ದಲ್ಲ, ನಾವು ದುಡ್ಡು ಕೊಡೋ ರೀತಿಯದು. ಸುತ್ತಿದ ತಂತಿಗೆ, ಹಾಕಿದ ಬೇರಿಂಗ್‌ಗೆ ಮರುಮಾತಿಲ್ಲದೆ ಸಾವಿರಾರು ಕೊಡ್ತೀವಿ. ಆ ಹುಡುಗ ಇನ್ನೂರು ರೂಪಾಯಿ ಕೇಳಿದ್ದಕ್ಕೆ ದೊಡ್ಡಪ್ಪ, "ನೀನೇನೂ ಬಿಚ್ಚಲೇ ಇಲ್ವಲ್ಲಪ್ಪ!" ಅಂದ್ರು. ಹೀಗಾದರೆ ಅವನೂ ಮುಂದಿನ ಸಲ ಸ್ಪ್ಯಾನರ್ ಎತ್ತಿಕೊಳ್ತಾನೆ, ಹೊಟ್ಟೆಪಾಡು. ಓಡೋ ಮೋಟರಿಗೆ ಮೀಟರ್ ಇಡೋದು ಜೀವದ ಜೊತೆ ಆಟ ಬೇರೆ. ಗೊತ್ತಿಲ್ಲದ ನಾವು ಕೈ ಹಾಕೋ ಕೆಲಸ ಅಲ್ಲ ಅದು.

ರಿವೈಂಡಿಂಗ್ ಅಂಗಡಿಗಳಲ್ಲಿ ಎಚ್‌ಪಿ ಲೆಕ್ಕದಲ್ಲಿ ರೇಟ್ ಹೇಳ್ತಾರಲ್ಲ, ಅದರ ಜೊತೆ ಇನ್ನೊಂದು ರೇಟ್ ಬರಲಿ: ರಾತ್ರಿ ಕರೆಂಟ್ ಬಂದಾಗ ಜಮೀನಿಗೆ ಬಂದು, ಓಡುವಾಗ ಅಳೆದು ಹೇಳೋಕೆ ಇಷ್ಟು ಅಂತ. ಐನೂರು ಅಂದರೂ ದೊಡ್ಡಪ್ಪನ ಪರವಾಗಿ ನಾನು ಕೊಡ್ತೀನಿ.